ರಾತ್ರಿಯಿಡೀ ಬೇಯುವ ತಿಂಡಿ: ಏಡನ್, ಮಂಗಳೂರು ಮತ್ತು ಚೆನ್ನೈನ ಒಂದು ಅಡುಗೆಮನೆ

ಇವತ್ತಿನ ಮಾತು ಒಂದು ತಪ್ಪೊಪ್ಪಿಗೆಯಿಂದ ಶುರು.

ಕೆಲವು ತಿಂಗಳ ಹಿಂದೆ ಮಂಗಳೂರಿನ ಹಳೆಯ ಬಂದರು ವ್ಯಾಪಾರದ ಬಗ್ಗೆ ಮಾತಾಡಿದ್ದೆ, ನೆನಪಿರಬಹುದು. ಆ ಮಾತಿನ ಭರದಲ್ಲಿ ಒಂದು ವಾಕ್ಯ ಸೇರಿಸಿಬಿಟ್ಟೆ. ಯೆಮೆನ್ ಯಹೂದಿಗಳು ಶನಿವಾರ ಬೆಳಿಗ್ಗೆ ತಿನ್ನುವ ಜಖ್ನೂನ್ ಅನ್ನೋ ಸುರುಳಿ ತಿಂಡಿ ಇದೆಯಲ್ಲ, ಅದು ನಮ್ಮ ಪರೋಟಾದ ಮಗು, 12ನೇ ಶತಮಾನದಲ್ಲಿ ಮಂಗಳೂರಿನಿಂದ ಹಡಗು ಹತ್ತಿ ಏಡನ್‌ಗೆ ಹೋಯಿತು ಅಂತ. ಒಂದು ಗಂಟೆಯ ಮಾತಿನಲ್ಲಿ ಜನ ಹಂಚಿಕೊಂಡದ್ದು ಆ ಒಂದೂವರೆ ನಿಮಿಷ ಮಾತ್ರ. ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿ, ಕೊನೆಗೆ ನನ್ನ ಚಿಕ್ಕಪ್ಪನೇ ಅದನ್ನ ನನಗೆ ಕಳಿಸಿ "ಇದು ಗೊತ್ತಿತ್ತಾ ನಿಂಗೆ?" ಅಂತ ಕೇಳಿದರು!

ಆಮೇಲೆ ಒಂದು ದಿನ ಒಬ್ಬ ಹೆಣ್ಣುಮಗಳ ದನಿ ಸಂದೇಶ ಬಂತು. ಉಡುಪಿ ಕಡೆಯವರು. ಇಸ್ರೇಲ್‌ನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ. ನಮ್ಮ ಕರಾವಳಿಯಿಂದ ಹಾಗೆ ಹೋದವರು ಎಷ್ಟೊಂದು ಜನ ಇದ್ದಾರೆ ಅಂತ ನಿಮಗೆ ಗೊತ್ತೇ ಇದೆ. ಅವರು ನೋಡಿಕೊಳ್ತಿರೋ ಅಜ್ಜಿ ಚಿಕ್ಕಂದಿನಲ್ಲಿ ಯೆಮೆನ್‌ನಿಂದ ಬಂದವರಂತೆ. ಸಂದೇಶ ಹೀಗಿತ್ತು: "ಅಕ್ಕಾ, ನೀವು ಹೇಳಿದ್ದು ಕೇಳ್ಲಿಕ್ಕೆ ಚಂದ ಉಂಟು. ಆದ್ರೆ ಅದು ಪರೋಟ ಅಲ್ಲ. ಪರೋಟ ಕಾವಲಿ ಮೇಲೆ ಐದು ನಿಮಿಷ. ಇದು ಇಡೀ ರಾತ್ರಿ. ಒಮ್ಮೆ ಮಾಡಿ ನೋಡಿ, ಮತ್ತೆ ಮಾತಾಡಿ."

ಸರಿ ಅಂತ ಮಾಡಿ ನೋಡಿದೆ. ಇವತ್ತು ಮತ್ತೆ ಮಾತಾಡ್ತಿದ್ದೀನಿ.

ಶುಕ್ರವಾರ ಸೂರ್ಯ ಮುಳುಗುವ ಮೊದಲು

ಯಹೂದಿಗಳ ಸಬ್ಬತ್ ಶುಕ್ರವಾರ ಸೂರ್ಯ ಮುಳುಗಿದಾಗ ಶುರುವಾಗಿ ಶನಿವಾರ ಕತ್ತಲಾಗೋವರೆಗೆ ಇರುತ್ತೆ. ಆ ಹೊತ್ತಿನಲ್ಲಿ ಮಾಡಬಾರದ 39 ಬಗೆಯ ಕೆಲಸಗಳನ್ನು ಅವರ ಧರ್ಮಶಾಸ್ತ್ರ ಪಟ್ಟಿ ಮಾಡಿದೆ. ಬೆಂಕಿ ಹಚ್ಚುವುದು, ಆರಿಸುವುದು, ಬೇಯಿಸುವುದು ಎಲ್ಲ ಅದರಲ್ಲಿ ಬರುತ್ತೆ. ಹಾಗಂತ ಆ ದಿನ ಉಪವಾಸ ಅಂದುಕೊಳ್ಳಬೇಡಿ. ಸಬ್ಬತ್ ಹಬ್ಬದ ದಿನ, ಅವತ್ತು ಬಿಸಿಯಾದ ಒಳ್ಳೆ ಊಟವೇ ಆಗಬೇಕು. ಒಲೆ ಹಚ್ಚುವಂತಿಲ್ಲ, ಊಟ ತಣ್ಣಗಿರುವಂತೆಯೂ ಇಲ್ಲ. ಏನು ಮಾಡೋದು?

ಶುಕ್ರವಾರ ಸಂಜೆಯೇ ಎಲ್ಲವನ್ನೂ ಒಲೆಯ ಮೇಲಿಟ್ಟು ಮುಚ್ಚಿ, ಕೆಂಡವನ್ನು ಬೂದಿಯಲ್ಲಿ ಹುದುಗಿಸಿ ಬಿಟ್ಟುಬಿಡೋದು. ಯಹೂದಿಗಳು ಎಲ್ಲೆಲ್ಲಿ ನೆಲೆಸಿದರೋ ಅಲ್ಲೆಲ್ಲ ಈ ಇಕ್ಕಟ್ಟಿನಿಂದ ಒಂದೊಂದು ಅಡುಗೆ ಹುಟ್ಟಿಕೊಂಡಿದೆ. ಪೂರ್ವ ಯುರೋಪಿನವರ ಚೋಲೆಂಟ್, ಸ್ಪೇನ್ ಮೂಲದವರ ಹಮೀನ್, ನಮ್ಮ ಕಲ್ಕತ್ತೆ–ಬೊಂಬಾಯಿಗೆ ಬಂದು ನೆಲೆಸಿದ ಬಗ್ದಾದಿ ಯಹೂದಿಗಳ ಮನೆಯ ಕೋಳಿ–ಅಕ್ಕಿಯ ಅಡುಗೆ, ಎಲ್ಲವೂ ರಾತ್ರಿಯಿಡೀ ಬೆಂದಂಥವು. ಯೆಮೆನ್‌ನವರು ಹೀಗೆ ಬೇಯಿಸಿದ್ದು ಹಿಟ್ಟನ್ನು. ಹುಳಿ ಬರಿಸಿದ ಹಿಟ್ಟಿನದ್ದು ಕುಬಾನೆ ಅನ್ನೋ ರೊಟ್ಟಿ. ಹುಳಿಯಿಲ್ಲದೆ, ತೆಳ್ಳಗೆ ಎಳೆದು, ತುಪ್ಪ ಸವರಿ, ಸುರುಳಿ ಸುತ್ತಿದ್ದು ಜಖ್ನೂನ್.

ಇದು ನಮಗೇನೂ ತೀರಾ ಹೊಸದಲ್ಲ. ನಾಗರ ಪಂಚಮಿಯ ದಿನ ಹಂಚಿಡಬಾರದು, ಕರಿಯಬಾರದು ಅನ್ನೋ ಮನೆಗಳು ನಮ್ಮಲ್ಲೂ ಇವೆ. ಒಂದು ದಿನ ಬೇಡ ಅಂದದ್ದಕ್ಕೇ ಹಿಂದಿನ ದಿನ ಎಷ್ಟು ಕೆಲಸ ಕೂಡುತ್ತೆ ಅಂತ ಆ ಮನೆಯ ಹೆಂಗಸರನ್ನ ಕೇಳಬೇಕು. ಇದು ವರ್ಷಕ್ಕೊಂದು ದಿನದ ಮಾತಲ್ಲ, ವಾರವಾರದ್ದು.

ನನ್ನ ಅಡುಗೆಮನೆಯಲ್ಲಿ

ನಾನಿರೋದು ಚೆನ್ನೈನಲ್ಲಿ, ಪಶ್ಚಿಮ ಮಾಂಬಲಂ ಕಡೆ. ಅರ್ಧ ಕೆಜಿ ಮೈದಾ, ಹತ್ತಿರ ಹತ್ತಿರ 300 ಮಿ.ಲೀ. ನೀರು, ಎರಡು ದೊಡ್ಡ ಚಮಚ ಸಕ್ಕರೆ, ಒಂದೂವರೆ ಸಣ್ಣ ಚಮಚ ಉಪ್ಪು ತಗೊಂಡು ಮೆತ್ತಗೆ ನಾದಿಟ್ಟೆ. ಆರು ಉಂಡೆ ಆಯ್ತು. ಎಳೆಯೋಕೆ ಹೋದರೆ ರಬ್ಬರಿನ ಹಾಗೆ ಹಿಂದಕ್ಕೆ ಓಡುತ್ತೆ, ಬಲವಂತ ಮಾಡಿದರೆ ಹರಿಯುತ್ತೆ.

ನಮ್ಮ ಬೀದಿಯ ತುದಿಯಲ್ಲಿ ಒಂದು ಮೆಸ್ ಇದೆ. ಅಲ್ಲಿನ ಪರೋಟಾ ಮಾಸ್ಟರ್ ಮಧುರೆ ಕಡೆಯವರು. ಸಾಯಂಕಾಲ ಅವರು ಹಿಟ್ಟನ್ನ ಗಾಳಿಯಲ್ಲಿ ಬೀಸೋದನ್ನ ನೋಡೋದೇ ಒಂದು ಚಂದ. ಅವರ ಹತ್ತಿರ ನನ್ನ ಕಷ್ಟ ಹೇಳಿಕೊಂಡೆ. ನಕ್ಕುಬಿಟ್ಟರು. "ಅಕ್ಕಾ, ಹಿಟ್ಟು ನಿದ್ದೆ ಮಾಡ್ಬೇಕು. ಉಂಡೆ ಕಟ್ಟಿ, ಎಣ್ಣೆ ಸವರಿ, ಎರಡು ಗಂಟೆ ಬಿಟ್ಬಿಡಿ. ಆಮೇಲೆ ಅದೇ ಬರುತ್ತೆ" ಅಂದರು. ನಿಜ, ಬಂತು. ನಾದಿದಾಗ ಬಿಗಿದುಕೊಂಡ ಗೋಧಿಯ ಅಂಟು ಸಡಿಲಗೊಳ್ಳೋಕೆ ಹೊತ್ತು ಬೇಕು, ಅಷ್ಟೇ. ಕಲ್ಲಿನ ಮೇಲೆ ಹರಡಿದ ಹಿಟ್ಟಿನ ಕೆಳಗೆ ಪೇಪರ್ ಇಟ್ಟರೆ ಅಕ್ಷರ ಓದಬಹುದು, ಅಷ್ಟು ತೆಳು. ಮೇಲೆ ಧಾರಾಳವಾಗಿ ಬೆಣ್ಣೆ ಸವರಿ, ಮೂರು ಮಡಿಕೆ ಮಡಿಸಿ, ಚಾಪೆ ಸುತ್ತಿದ ಹಾಗೆ ಸುತ್ತಿದೆ. ಯೆಮೆನ್‌ನಲ್ಲಿ ಸಮ್ನೆ ಅನ್ನೋ ತುಪ್ಪ ಬಳಸ್ತಿದ್ದರು. ಇಸ್ರೇಲ್‌ನಲ್ಲಿ ಹೆಚ್ಚಾಗಿ ಮಾರ್ಗರೀನ್. ಮಾಂಸದ ಊಟದ ಜೊತೆ ಹಾಲಿನ ಪದಾರ್ಥ ಸೇರಿಸಬಾರದು ಅನ್ನೋ ನಿಯಮ ಅವರಿಗಿದೆ, ಮಾರ್ಗರೀನ್ ಆದರೆ ಆ ತೊಂದರೆ ಇಲ್ಲ.

ದಪ್ಪ ತಳದ ಪಾತ್ರೆಯ ತಳಕ್ಕೆ ಹಳೆಯ ಬ್ರೆಡ್ ಚೂರು ಹಾಸಬೇಕು, ಸುರುಳಿ ತಳ ಹಿಡಿಯದ ಹಾಗೆ. ಅದರ ಮೇಲೆ ಸುರುಳಿಗಳು, ಅವುಗಳ ನಡುವೆ ಸಿಪ್ಪೆಯ ಸಮೇತ ಮೊಟ್ಟೆ. ಬಾಯಿಗೆ ಫಾಯಿಲ್ ಕಟ್ಟಿ, ಮುಚ್ಚಳ ಬಿಗಿ ಮಾಡಿ, ಓವನ್ 100 ಡಿಗ್ರಿಗೆ ಇಟ್ಟು ಹನ್ನೆರಡು ಗಂಟೆ. ಸಂಜೆ ಆರಕ್ಕೆ ಇಟ್ಟು ಕೈ ತೊಳೆದುಕೊಂಡೆ. ಇನ್ನು ಬೆಳಗಿನವರೆಗೆ ಮುಟ್ಟಬಾರದು ಅಂತ ನನಗೆ ನಾನೇ ಹಾಕಿಕೊಂಡ ಕಟ್ಟುಪಾಡು.

ರಾತ್ರಿ ಹತ್ತೂವರೆಗೆ ಕರೆಂಟ್ ಹೋಯಿತು. ಬಂದದ್ದು ಬೆಳಗಿನ ಜಾವ.

ಎದ್ದು ಗ್ಯಾಸ್ ಮೇಲೆ ಇಡೋಣ ಅಂತ ಎರಡು ಸಲ ಅನ್ನಿಸಿತು. ಇಡಲಿಲ್ಲ. ಬೆಳಿಗ್ಗೆ ಮುಚ್ಚಳ ತೆಗೆದರೆ ಒಳಗೆ ಬಿಳಿಚಿಕೊಂಡ, ಅಂಟಂಟಾದ ಆರು ಸುರುಳಿ. ನನಗೇನು, ಇಡ್ಲಿ ಮಾಡಿಕೊಂಡೆ. ಆದರೆ ಆ ಸುರುಳಿಗಳನ್ನ ನೋಡ್ತಾ ಒಂದು ಸಂಗತಿ ತಲೆಗೆ ಹತ್ತಿತು. ಸನಾ ಊರಿನ ಒಂದು ಮನೆಯಲ್ಲಿ ರಾತ್ರಿ ಕೆಂಡ ಆರಿಹೋದರೆ ಮತ್ತೆ ಹಚ್ಚುವ ಹಾಗೇ ಇರಲಿಲ್ಲ. ಹಾಗಾಗಿ ಎಷ್ಟು ಕೆಂಡ, ಎಷ್ಟು ಬೂದಿ, ಮಣ್ಣಿನ ಒಲೆಯ ಗೋಡೆ ಎಷ್ಟು ದಪ್ಪ ಅನ್ನೋ ಲೆಕ್ಕ ಆ ಹೆಂಗಸರ ಕೈಯಲ್ಲಿರಬೇಕಿತ್ತು. ಹಿಟ್ಟು ಎಳೆಯೋದು ಅರ್ಧ ವಿದ್ಯೆ. ಬೆಂಕಿಯನ್ನ ಹನ್ನೆರಡು ಗಂಟೆ ನಂಬಿ ಬಿಡೋದು ಉಳಿದರ್ಧ. ಹೋದ ಸಲ ನಾನು ಮಾತಾಡಿದ್ದು ಮೊದಲರ್ಧದ ಬಗ್ಗೆ ಮಾತ್ರ.

ಮುಂದಿನ ವಾರ ಸರಿಯಾಗಿ ಬಂತು. ಬಿಳಿ ಮೈದಾ ಬೆಲ್ಲದ ಬಣ್ಣಕ್ಕೆ ತಿರುಗಿತ್ತು, ಮೊಟ್ಟೆಯ ಬಿಳಿಯೂ ಕಂದು. ಹೊರಗಿನ ಪದರ ಸ್ವಲ್ಪ ಗರಿ, ಒಳಗೆಲ್ಲ ಮೆತ್ತಗೆ, ಹಾಕಿದ ಸಕ್ಕರೆಗಿಂತ ಹೆಚ್ಚು ಸಿಹಿ. ಪರೋಟಾದ ರುಚಿಗೂ ಇದಕ್ಕೂ ಸಂಬಂಧವೇ ಇಲ್ಲ! ಜೊತೆಗೆ ತುರಿದ ಹಸಿ ಟೊಮೆಟೊ, ಮತ್ತೆ ಸಹೂಗ್ ಅಂತ ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಬೆಳ್ಳುಳ್ಳಿ, ಜೀರಿಗೆ, ಏಲಕ್ಕಿ ಹಾಕಿ ಅರೆದ ಚಟ್ನಿ. ನೆನೆಸಿದ ಮೆಂತ್ಯದ ಹಿಟ್ಟನ್ನು ನೊರೆ ಬರುವಂತೆ ಕಡೆದು ಮಾಡುವ ಹಿಲ್ಬೆಯೂ ಯೆಮೆನ್‌ನವರ ಊಟದಲ್ಲಿ ಇರಲೇಬೇಕು.

1132ರ ಮಂಗಳೂರು

ಈಗ ನನ್ನ ತಪ್ಪಿನ ವಿಚಾರಣೆ ಮಾಡೋಣ. ನಾನು ಮಂಗಳೂರನ್ನ ಯಾಕೆ ಎಳೆದು ತಂದೆ? ಅದಕ್ಕೆ ಕಾರಣ ಇತ್ತು.

ಕೈರೋದ ಹಳೆಯ ಭಾಗ ಫುಸ್ತಾತ್‌ನಲ್ಲಿ ಬೆನ್ ಎಜ್ರಾ ಅನ್ನೋ ಯಹೂದಿ ಪ್ರಾರ್ಥನಾ ಮಂದಿರ ಇದೆ. ದೇವರ ಹೆಸರು ಬರೆದಿರಬಹುದಾದ ಕಾಗದವನ್ನ ಹರಿದು ಎಸೆಯಬಾರದು ಅಂತ ಅಲ್ಲಿ ಒಂದು ಕೋಣೆಯಲ್ಲಿ ತುಂಬಿಡ್ತಿದ್ದರು. ಇದಕ್ಕೆ ಗೆನಿಜಾ ಅಂತ ಹೆಸರು. 1896–97ರಲ್ಲಿ ಸಾಲೊಮನ್ ಶೆಕ್ಟರ್ ಅದರ ಬಹುಪಾಲನ್ನ ಕೇಂಬ್ರಿಜ್‌ಗೆ ಸಾಗಿಸಿದರು. ಆ ಲಕ್ಷಗಟ್ಟಲೆ ಚೂರುಗಳ ನಡುವೆ ಹಿಂದೂ ಮಹಾಸಾಗರದ ವರ್ತಕರ ಪತ್ರಗಳೂ ಇದ್ದವು. ಎಸ್. ಡಿ. ಗೋಯ್ಟೈನ್ ದಶಕಗಟ್ಟಲೆ ಕೂತು ಅವನ್ನ ಓದಿದರು. ಭಾಷೆ ಅರಬ್ಬಿ, ಲಿಪಿ ಹೀಬ್ರೂ. ನಮ್ಮ ಪಕ್ಕದಲ್ಲೇ ಮಲಯಾಳವನ್ನ ಅರಬ್ಬಿ ಲಿಪಿಯಲ್ಲಿ ಬರೆದ ಪರಂಪರೆ ಇದೆಯಲ್ಲ, ಹಾಗೆ.

ಆ ಪತ್ರಗಳಲ್ಲಿ ಸಿಕ್ಕವನು ಅಬ್ರಹಾಂ ಬೆನ್ ಯಿಜು. ಟುನೀಸಿಯಾದ ಮಹ್ದಿಯಾ ಊರಿನವನು, ಏಡನ್‌ಗೆ ಬಂದು ಅಲ್ಲಿಂದ ನಮ್ಮ ಕರಾವಳಿ ಸೇರಿದವನು. 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಅವನು ಆಶು ಅನ್ನೋ ಗುಲಾಮ ಹೆಣ್ಣಿಗೆ ಬಿಡುಗಡೆಯ ಪತ್ರ ಬರೆದುಕೊಟ್ಟ. ಅವಳನ್ನೇ ಮದುವೆಯಾದ ಅಂತ ವಿದ್ವಾಂಸರು ತೀರ್ಮಾನಿಸ್ತಾರೆ. ಮಕ್ಕಳಾದವು. ವರ್ಷಗಟ್ಟಲೆ ಮಂಗಳೂರಿನಲ್ಲಿದ್ದು ವ್ಯಾಪಾರ ಮಾಡಿದ, ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿದ, 1149ರಲ್ಲಿ ಏಡನ್‌ಗೆ ಮರಳಿದ. ಅವನ ಪರವಾಗಿ ಸಮುದ್ರ ದಾಟಿ ವ್ಯವಹಾರ ಮಾಡ್ತಿದ್ದ ಆಳಿನ ಹೆಸರನ್ನ ಬೊಮ್ಮ ಅಂತ ಓದಬೇಕು, ಅದು ತುಳುನಾಡಿನ ಹೆಸರು ಅನ್ನೋದು ಅಮಿತಾವ್ ಘೋಷ್‌ಗೆ ಹೊಳೆದದ್ದು ಮಂಗಳೂರಿನಲ್ಲಿ ಪ್ರೊ. ಬಿ. ಎ. ವಿವೇಕ ರೈ ಅವರ ಜೊತೆ ಮಾತಾಡಿದ ಮೇಲೆ. 1992ರಲ್ಲಿ ಬಂದ 'ಇನ್ ಆ್ಯನ್ ಆ್ಯಂಟೀಕ್ ಲ್ಯಾಂಡ್' ಪುಸ್ತಕದಲ್ಲಿ ಆ ಕಥೆ ಇದೆ.

ಬೆನ್ ಯಿಜುಗೆ ಏಡನ್‌ನಿಂದ ಪತ್ರ ಬರೀತಿದ್ದವರಲ್ಲಿ ಮುಖ್ಯನಾದವನು ಮದ್ಮೂನ್, ಯೆಮೆನ್ ಯಹೂದಿಗಳ ನಾಯಕ, ಬಂದರಿನ ವರ್ತಕರ ಪ್ರತಿನಿಧಿ. ಇಲ್ಲಿಂದ ಅಲ್ಲಿಗೆ ಹೋಗ್ತಿದ್ದದ್ದು ಮೆಣಸು, ಅಡಿಕೆ, ಏಲಕ್ಕಿ, ಕಬ್ಬಿಣ. ಅಲ್ಲಿಂದ ಇಲ್ಲಿಗೆ ಬರ್ತಿದ್ದದ್ದು ಸಕ್ಕರೆ, ಬಾದಾಮಿ, ಒಣದ್ರಾಕ್ಷಿ, ಕಾಗದ, ಎರಕ ಹೊಯ್ಯೋಕೆ ತಾಮ್ರ. ಅಂದರೆ ಯೆಮೆನ್ ಯಹೂದಿಗಳಿಗೂ ಮಂಗಳೂರಿಗೂ ಸುಮಾರು 900 ವರ್ಷದ ಹಿಂದೆ ಒಂದು ಗಟ್ಟಿಯಾದ ಕೊಂಡಿ ಇತ್ತು. ಅದು ಕಟ್ಟುಕಥೆ ಅಲ್ಲ.

ಇದರ ಪಕ್ಕದಲ್ಲೇ ಇನ್ನೊಂದು ಆಸೆ ಹುಟ್ಟಿಸುವ ಸಂಗತಿ ಇದೆ. ಅದೇ ಹೊತ್ತಿಗೆ, 1130ರ ಆಸುಪಾಸಿನಲ್ಲಿ, ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ' ಸಿದ್ಧವಾಯಿತು. ಅದರ ಅಡುಗೆಯ ಭಾಗದಲ್ಲಿ ಮಂಡಕ ಬರುತ್ತೆ, ನಮ್ಮ ಮಂಡಿಗೆಯ ಪೂರ್ವಜ. ಗೋಧಿ ಹಿಟ್ಟನ್ನ ಕೈಯಲ್ಲೇ ತೆಳ್ಳಗೆ ಹಿಗ್ಗಿಸಿ ಬೋರಲು ಹಾಕಿದ ಮಡಕೆಯ ಮೇಲೆ ಬೇಯಿಸುವ ತಿಂಡಿ. ಬೆಳಗಾವಿ ಕಡೆ ಈಗಲೂ ಮಾಡ್ತಾರೆ. ಒಂದು ಕಡೆ ಹಿಟ್ಟು ಎಳೆಯುವ ವಿದ್ಯೆ, ಇನ್ನೊಂದು ಕಡೆ ಏಡನ್‌ಗೆ ಹೋಗುವ ಹಡಗು. ಎರಡನ್ನೂ ಗಂಟು ಹಾಕಿದರೆ ಜಖ್ನೂನ್ ನಮ್ಮದೇ! ನಾನು ಮಾಡಿದ್ದು ಇಷ್ಟೇ.

ಗಂಟು ಎಲ್ಲಿ ಸಡಿಲ

ಬಿಡಿಸಿ ನೋಡೋಣ ಬನ್ನಿ. ಮೊದಲನೇದು, ಕಲ್ಯಾಣ ಮಂಗಳೂರಲ್ಲ. ಬಯಲುಸೀಮೆಯ ಅರಮನೆಯ ಗೋಧಿ ತಿಂಡಿ, ಅನ್ನ ಉಣ್ಣುವ ತುಳುನಾಡಿನ ಬಂದರಿನಲ್ಲೂ ಇತ್ತು ಅಂತ ನಾನು ಸುಮ್ಮನೆ ಊಹಿಸಿಕೊಂಡೆ. ಎರಡನೇದು, ನಾನು ಓದಿದ ಆ ಪತ್ರಗಳಲ್ಲಿ ಪದಾರ್ಥಗಳ ಪಟ್ಟಿ ಇದೆ, ತಿಂಡಿ ಮಾಡುವ ವಿಧಾನ ಇಲ್ಲ. ವರ್ತಕ ಬರೆದಿಡೋದು ಲೆಕ್ಕವನ್ನ. ಮೂರನೇದು, ಗೋಧಿ ಹಿಟ್ಟಿಗೆ ಎಳೆದರೆ ಹಿಗ್ಗುವ ಗುಣ ಎಲ್ಲ ಊರಲ್ಲೂ ಒಂದೇ. ತುರ್ಕರು ಎಳೆದರು, ಸ್ಪೇನ್‌ನವರು ಎಳೆದರು, ನಾವೂ ಎಳೆದೆವು. ಇಬ್ಬರ ಮೂಗು ಒಂದೇ ಥರ ಇದೆ ಅಂತ ಅಣ್ಣತಮ್ಮಂದಿರು ಅನ್ನೋಕಾಗಲ್ಲ.

ನಾಲ್ಕನೇದು ನನಗೆ ತಟ್ಟೆಯಲ್ಲೇ ಕಂಡದ್ದು. ಟೊಮೆಟೊ, ಹಸಿಮೆಣಸಿನಕಾಯಿ ಎರಡೂ ಅಮೆರಿಕ ಖಂಡದವು. 16ನೇ ಶತಮಾನಕ್ಕೆ ಮೊದಲು ಏಡನ್‌ನಲ್ಲೂ ಇರಲಿಲ್ಲ, ಮಂಗಳೂರಿನಲ್ಲೂ ಇರಲಿಲ್ಲ. ಅಂದರೆ ಬೆನ್ ಯಿಜು ಏನನ್ನೇ ತಿಂದಿರಲಿ, ಇವತ್ತಿನ ಈ ತಟ್ಟೆಯನ್ನಂತೂ ನೋಡಿರಲಿಲ್ಲ. ನಮ್ಮ ತಿಳಿಸಾರನ್ನೂ ಈ ಪರೀಕ್ಷೆಗೆ ಒಡ್ಡಿದರೆ ಅದರ ಅರ್ಧ ಪುರಾತನತೆ ಕರಗಿಹೋಗುತ್ತೆ, ಬೇಜಾರು ಮಾಡ್ಕೋಬೇಡಿ. ಆದರೆ ಅದೇ ಚಟ್ನಿಯ ಏಲಕ್ಕಿ ನಮ್ಮ ಘಟ್ಟದ ಬೆಳೆ, ಅದು ಏಡನ್‌ಗೆ ಹೋದದ್ದಕ್ಕೆ ಪತ್ರದ ಸಾಕ್ಷಿ ಇದೆ. ಹಾಗಾಗಿ ಕೊಂಡಿ ಹುಡುಕುವವರು ಸುರುಳಿಯನ್ನ ಬಿಟ್ಟು ಚಟ್ನಿಯ ಬಟ್ಟಲು ನೋಡಬೇಕು.

ಪರೋಟಾಗೆ ನಿಜವಾಗಿ ಹತ್ತಿರದ ಯೆಮೆನ್ ತಿಂಡಿ ಮಲಾವಾಹ್. ಅದೂ ಇಂಥದ್ದೇ ಪದರದ ಹಿಟ್ಟು, ಚಪ್ಪಟೆ ಮಾಡಿ ಬಾಣಲೆಯಲ್ಲಿ ಬೇಯಿಸ್ತಾರೆ. ಅದರ ಮೇಲೆ ಭಾರತದ ಪ್ರಭಾವ ಇದ್ದಿರಬಹುದಾ ಅಂತ ಕೇಳಿದರೆ, ಕೇಳಬೇಕಾದ ಕಾಲ 12ನೇ ಶತಮಾನ ಒಂದೇ ಅಲ್ಲ. 1839ರ ಜನವರಿಯಲ್ಲಿ ಬ್ರಿಟಿಷರು ಏಡನ್ ಹಿಡಿದ ಮೇಲೆ ಅದರ ಆಡಳಿತ ನಡೆದದ್ದು ಬೊಂಬಾಯಿಯಿಂದ. 1932ರವರೆಗೂ ಏಡನ್ ಬೊಂಬಾಯಿ ಪ್ರಾಂತ್ಯದ ಭಾಗ, 1937ರವರೆಗೂ ಬ್ರಿಟಿಷ್ ಭಾರತದ ಭಾಗ. ಅಲ್ಲಿನ ಅಂಗಡಿಯಲ್ಲಿ ರೂಪಾಯಿ ನಡೀತಿತ್ತು. ಸಿಪಾಯಿಗಳು, ಗುಮಾಸ್ತರು, ಅಂಗಡಿಕಾರರು ಹಡಗಿನಲ್ಲಿ ಹೋಗಿ ಬಂದು ಮಾಡ್ತಿದ್ದರು. ತಿಂಡಿ ಊರು ದಾಟೋಕೆ ಇಂಥ ನೂರು ವರ್ಷ ಸಾಕು, ಎರಡೂ ದಿಕ್ಕಿಗೆ. ಇದು ಒಂದು ಪ್ರಶ್ನೆಯಾಗಿ ಇರಲಿ. ಹೋದ ಸಲ ನಾನು ಪ್ರಶ್ನೆಯನ್ನೇ ಉತ್ತರ ಅಂತ ಹೇಳಿಬಿಟ್ಟಿದ್ದೆ.

ಮದರಾಸಿನಲ್ಲಿ ಯಾರೂ ಇರಲಿಲ್ಲವಾ?

ಚೆನ್ನೈನಲ್ಲಿ ಕೂತು ಯಹೂದಿಗಳ ಬಗ್ಗೆ ಮಾತಾಡಿದರೆ ಇಲ್ಲಿನ ಗೆಳೆಯರು ಕೇಳೇ ಕೇಳ್ತಾರೆ, ಅದಕ್ಕೆ ಎರಡು ಮಾತು. ಇದ್ದರು. 17ನೇ ಶತಮಾನದ ಕೊನೆಗೆ ಲಂಡನ್‌ನಿಂದ ಪೋರ್ಚುಗೀಸ್ ಮೂಲದ ಯಹೂದಿ ವರ್ತಕರು ಸೇಂಟ್ ಜಾರ್ಜ್ ಕೋಟೆಯ ಊರಿಗೆ ಬಂದು ನೆಲೆಸಿದರು. ಮೆಡಿಟರೇನಿಯನ್ ಹವಳ ತಂದು ಕೊಡೋದು, ಗೋಲ್ಕೊಂಡದ ವಜ್ರ ಕೊಂಡು ಕಳಿಸೋದು, ಇದು ಅವರ ವ್ಯಾಪಾರ. ಅವರಲ್ಲಿ ಹೆಸರಾದ ಜಾಕ್ವೆಸ್ ದ ಪೈವಾ 1687ರಲ್ಲಿ ತೀರಿಕೊಂಡ. 1688ರಲ್ಲಿ ಮದರಾಸು ಕಾರ್ಪೊರೇಷನ್ ಆದಾಗ ಅದರ ಆಲ್ಡರ್‌ಮನ್‌ಗಳ ಪೈಕಿ ಯಹೂದಿ ವರ್ತಕರೂ ಇದ್ದರು. ಮಣ್ಣಡಿಯ ಹತ್ತಿರ ಪವಳಕ್ಕಾರರ್ ಬೀದಿ, ಅಂದರೆ ಹವಳದವರ ಬೀದಿ, ಈಗಲೂ ಇದೆ. ಲಾಯ್ಡ್ಸ್ ರಸ್ತೆಯಲ್ಲಿ ಅವರ ಚಿಕ್ಕ ಸ್ಮಶಾನ ಇದೆ. ಆದರೆ ಇವರು ಯೆಮೆನ್‌ನವರಲ್ಲ. ಇವರ ಸಬ್ಬತ್ ಪಾತ್ರೆಯಲ್ಲಿ ಜಖ್ನೂನ್ ಬೇಯ್ತಿತ್ತು ಅಂತ ಹೇಳಿ ಇನ್ನೊಂದು ವಾಟ್ಸಾಪ್ ಕಥೆ ನಾನು ಹುಟ್ಟಿಸಲ್ಲ.

ಯಾರ ಕೈ, ಯಾರ ಅಡುಗೆ

1947ರ ಡಿಸೆಂಬರ್‌ನಲ್ಲಿ ಏಡನ್‌ನಲ್ಲಿ ಯಹೂದಿಗಳ ಮೇಲೆ ದೊಡ್ಡ ಗಲಭೆ ಆಯ್ತು. 1949–50ರಲ್ಲಿ ಸುಮಾರು 49,000 ಯೆಮೆನ್ ಯಹೂದಿಗಳನ್ನ ವಿಮಾನಗಳಲ್ಲಿ ಇಸ್ರೇಲ್‌ಗೆ ಕರೆದೊಯ್ದರು. ಎಷ್ಟೋ ಜನ ಹಳ್ಳಿಗಳಿಂದ ಏಡನ್‌ವರೆಗೆ ನಡೆದೇ ಬಂದಿದ್ದರು. ಅಲ್ಲಿ ಹೋದ ಮೇಲೆ ಮೊದಲು ಡೇರೆಗಳಲ್ಲಿ ವಾಸ. ಹೊಸ ದೇಶದ ಯುರೋಪಿನ ಮೂಲದವರು ಇವರ ಊಟ, ಉಡುಗೆ, ಉಚ್ಚಾರ ಎಲ್ಲವನ್ನೂ ಹಿಂದುಳಿದದ್ದು ಅಂತ ನೋಡಿದ ಕಾಲ ಅದು. ಇವತ್ತು ಜಖ್ನೂನ್ ಆ ದೇಶದ ಎಲ್ಲರ ಶನಿವಾರದ ತಿಂಡಿ, ಸೂಪರ್ ಮಾರ್ಕೆಟ್‌ನಲ್ಲಿ ಮಂಜುಗಟ್ಟಿಸಿದ ಪೊಟ್ಟಣದಲ್ಲಿ ಸಿಗುತ್ತೆ. ತಿಂಡಿಗೆ ಸಿಕ್ಕ ಮರ್ಯಾದೆ ಅದನ್ನ ತಂದ ಹೆಂಗಸರಿಗೆ ಸಿಗೋಕೆ ಇನ್ನೂ ಹೆಚ್ಚು ಕಾಲ ಹಿಡೀತು.

ನನ್ನ ತಪ್ಪಿನಲ್ಲಿ ನನಗೆ ಹೆಚ್ಚು ಚುಚ್ಚಿದ್ದು ಇದೇ. "ಇದು ನಮ್ಮ ಪರೋಟಾ" ಅಂತ ಖುಷಿಯಾಗಿ ಹೇಳಿದಾಗ, ಬೂದಿ ಹುದುಗಿಸಿ, ಒಲೆ ಕಾದು, ವಾರ ವಾರ ಆ ತಿಂಡಿಯನ್ನ ಉಳಿಸಿಕೊಂಡು ಬಂದವರ ಕೈಯಿಂದ ಅದನ್ನ ಕಿತ್ತು ನಮ್ಮ ಹೆಮ್ಮೆಯ ಖಾತೆಗೆ ಜಮಾ ಮಾಡಿದ ಹಾಗಾಯ್ತು. ನಮ್ಮ ಇಡ್ಲಿಯನ್ನ ಯಾರಾದರೂ ಹಾಗೆ ಮಾಡಿದರೆ ನಾವು ಸುಮ್ಮನಿರ್ತೀವಾ?

ಎರಡನೇ ಸಲ ಸರಿಯಾಗಿ ಬಂದಾಗ ಫೋಟೋ ತೆಗೆದು ಆ ಉಡುಪಿಯ ತಂಗಿಗೆ ಕಳಿಸಿದೆ. ಅವರು ಅಜ್ಜಿಗೆ ತೋರಿಸಿದರಂತೆ. ಅಜ್ಜಿ ಕನ್ನಡಕ ಹಾಕ್ಕೊಂಡು ನೋಡಿ, "ಬಣ್ಣ ಪರವಾಗಿಲ್ಲ, ಸುರುಳಿ ಸಡಿಲ" ಅಂದರಂತೆ. ಈಗ ಅಜ್ಜಿಗೆ ಕೈಲಾಗಲ್ಲ. ಶುಕ್ರವಾರ ಮಧ್ಯಾಹ್ನ ಅವರು ಕುರ್ಚಿಯಲ್ಲಿ ಕೂತು ಹೇಳ್ತಾರೆ, ಇವರು ಹಿಟ್ಟು ಎಳೀತಾರೆ. ಸೂರ್ಯ ಮುಳುಗೋ ಮೊದಲು ಪಾತ್ರೆ ಒಳಗೆ ಹೋಗುತ್ತೆ.

1132ರಲ್ಲಿ ಮಂಗಳೂರಿನ ಒಬ್ಬ ಹೆಣ್ಣುಮಗಳು ಏಡನ್ ಕಡೆಯಿಂದ ಬಂದ ಯಹೂದಿಯ ಮನೆ ಸೇರಿದಳು. ಅವಳ ಬಿಡುಗಡೆಯ ಪತ್ರ ಉಳಿಯಿತು, ಶುಕ್ರವಾರ ಸಂಜೆ ಅವಳ ಒಲೆಯ ಮೇಲೆ ಏನಿತ್ತು ಅಂತ ಯಾರೂ ಬರೆದಿಡಲಿಲ್ಲ. ಅದಕ್ಕೇ ಉಡುಪಿಯ ತಂಗಿಗೆ ಹೇಳಿದ್ದೀನಿ: ಅಜ್ಜಿ ಹೇಳೋದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ತಾರೀಖು ಹಾಕಿ, ಕನ್ನಡದಲ್ಲೇ. "ಬರೀತಿದ್ದೇನೆ ಅಕ್ಕಾ, ಎಂಟು ಪುಟ ಆಯ್ತು" ಅಂದರು.

ನಿಮ್ಮ ಮನೆಯಲ್ಲೂ ಅಜ್ಜಿ ಇದ್ದರೆ ಈ ಭಾನುವಾರ ಒಂದು ನೋಟ್‌ಬುಕ್ ತಗೊಂಡು ಪಕ್ಕದಲ್ಲಿ ಕೂತ್ಕೊಳ್ಳಿ.